ಇಂಗ್ಲಿಷ್ ಪುಟಗಳಲ್ಲಿ ಮರೆಯಾದ ವಿಜಾಪುರ

ಯುರೋಪಿನವರ ಹಳೆಯ ಬರಹಗಳಲ್ಲಿ ವಿಜಾಪುರದ ಇತಿಹಾಸ ಹುಡುಕುವವರು ‘ಆದಿಲ್‌ಶಾಹಿ’ ಎಂಬ ಪದವನ್ನಷ್ಟೇ ನಂಬಿ ಕುಳಿತರೆ ಬರಿಗೈಯಲ್ಲಿ ಏಳಬೇಕಾದೀತು. ಅಲ್ಲಿ ಸಿಗುವುದು ‘ಇದಲ್‌ಕಾನ್’. ಕೆಲವೆಡೆ ‘ಹಿದಲ್‌ಕಾನ್’ ಎಂದೂ ಉಂಟು. ಇದು ವ್ಯಕ್ತಿಯೋ, ಊರೋ, ಹುದ್ದೆಯೋ ಎಂದು ಇಂದಿನ ಇಂಗ್ಲಿಷರೂ ತಲೆ ಕೆರೆದುಕೊಂಡಾರು.

ಈ ಗಂಟು ಬಿಚ್ಚುವ ನಿಘಂಟೊಂದಿದೆ. ಅದರ ಹೆಸರೇ ಒಂದು ಒಗಟು: ‘ಹಾಬ್ಸನ್-ಜಾಬ್ಸನ್’. ಮೊಹರಂ ಮೆರವಣಿಗೆಯ ‘ಯಾ ಹಸನ್! ಯಾ ಹುಸೇನ್!’ ಎಂಬ ಕೂಗು ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಹೀಗಾಯಿತು. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳ ಈ ಕೋಶವನ್ನು ರಚಿಸಿದವರು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಬರ್ನೆಲ್ ನಮಗೆ ಅಪರಿಚಿತರಲ್ಲ. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವರು ಅವರೇ. ಅವರು 1882ರಲ್ಲಿ ತೀರಿಕೊಂಡರು. ಕೋಶವನ್ನು ಯೂಲ್ ಪೂರ್ಣಗೊಳಿಸಿ 1886ರಲ್ಲಿ ಹೊರತಂದರು.

ಇದಲ್‌ಕಾನ್ ಎಂದರೆ ‘ಆದಿಲ್ ಖಾನ್’. ಅರಬ್ಬಿಯಲ್ಲಿ ಆದಿಲ್ ಎಂದರೆ ನ್ಯಾಯವಂತ. ಬಹಮನಿ ರಾಜ್ಯ ಒಡೆದಾಗ ವಿಜಾಪುರದಲ್ಲಿ ಸ್ವತಂತ್ರನಾದ ಯೂಸುಫ್‌ಗೆ ಈ ಬಿರುದಿತ್ತು. ಪೋರ್ಚುಗೀಸರು ಅದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು, ಉಳಿದ ಯುರೋಪಿನವರು ಅವರಿಂದ ಕಡ ತಂದರು. ಮುಂದಿನ ಅರಸರು ‘ಶಾಹ’ರಾದರೂ ಯುರೋಪಿನ ಬರಹಗಾರರು ಹಳೆಯ ಹೆಸರನ್ನು ಸುಲಭಕ್ಕೆ ಬಿಡಲಿಲ್ಲ!

ಯೂಸುಫ್‌ಗೆ ಪೋರ್ಚುಗೀಸರು ಇಟ್ಟ ಇನ್ನೊಂದು ಹೆಸರು ‘ಸಬಾಯೊ’. ಅವನು ಪರ್ಷಿಯಾದ ಸಾವಾ ಪಟ್ಟಣದಿಂದ ಬಂದವನಾದ್ದರಿಂದ ‘ಸಾವಾಯಿ’, ಅದೇ ಸಬಾಯೊ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. 1510ರಲ್ಲಿ ವಿಜಾಪುರದ ಕೈಯಿಂದ ಗೋವಾ ಹೋಯಿತು. ಅರಮನೆ ಮಾತ್ರ ಹೊಸ ಒಡೆಯರ ಬಾಯಲ್ಲೂ ‘ಸಬಾಯೊನ ಅರಮನೆ’ಯಾಗಿಯೇ ಉಳಿಯಿತು. ಅದರದೆನ್ನುವ ಹೆಬ್ಬಾಗಿಲು ಹಳೇ ಗೋವಾದಲ್ಲಿ ಇಂದಿಗೂ ನಿಂತಿದೆ.

ಇನ್ನು ಊರಿನ ಹೆಸರು. ಹದಿನೇಳನೆಯ ಶತಮಾನದ ಯುರೋಪಿಯನ್ ಪ್ರವಾಸಿಗಳ ಬರಹಗಳಲ್ಲಿ ಇದು ‘ವಿಸಾಪುರ್’, ‘ವಿಸಿಯಾಪುರ್’. ಬ್ರಿಟಿಷ್ ಆಡಳಿತದ ದಫ್ತರಗಳಲ್ಲಿ ಗಟ್ಟಿಯಾಗಿ ಕೂತದ್ದು ಬಿಜಾಪುರ. 2014ರ ನವೆಂಬರ್ 1ರಂದು ಅಧಿಕೃತವಾಗಿ ವಿಜಯಪುರ ಎಂದಾದಾಗ ‘ವ’ಕಾರ ಮರಳಿತು. ಆದರೆ ಜನರ ಬಾಯಲ್ಲಿ ಅದು ಹೋಗಿದ್ದಾದರೂ ಯಾವಾಗ? ‘ವಿಜಾಪುರ’ ಇದ್ದೇ ಇತ್ತಲ್ಲ. ಪ್ರವಾಸಿಗಳು ಕಿವಿಗೆ ಬಿದ್ದದ್ದನ್ನೇ ಬರೆದಿರಬೇಕು.

ಗಾಂಧಿ ಚೌಕದ ‘ಚೌಕ’ವೂ ಈ ನಿಘಂಟಿನಲ್ಲಿದೆ. ಸಂಸ್ಕೃತದ ‘ಚತುಷ್ಕ’ದಿಂದ ಬಂದ ಇದಕ್ಕೆ ಊರ ನಡುವೆ ಸಂತೆ ನೆರೆಯುವ ಬಯಲು ಎಂಬ ಅರ್ಥ. ಇಂಗ್ಲಿಷರು ‘ಬೌಲಿ’ ಎಂದು ಬರೆದುಕೊಂಡದ್ದು ಮೆಟ್ಟಿಲು ಬಾವಿಯನ್ನು. 1620ರಲ್ಲಿ ಕಟ್ಟಿದ ತಾಜ್ ಬಾವಡಿಯಲ್ಲಿರುವುದು ಅದೇ ಪದ. ಇಂಗ್ಲೆಂಡಿನ ಬೀದಿಯಲ್ಲಿ ಬೌಲಿ ಎಂದರೆ ಈಗ ಯಾರಿಗೂ ತಿಳಿಯಲಿಕ್ಕಿಲ್ಲ. ವಿಜಾಪುರದಲ್ಲಿ ತಾಜ್ ಬಾವಡಿಗೆ ದಾರಿ ಕೇಳಿದರೆ ಟಾಂಗಾದವರೇ ಕರೆದೊಯ್ಯುತ್ತಾರೆ.