ಬಿಡದೆ ಏಳುವ ಪಿತ್ತದ ಗಂಧೆ: ರಕ್ತದೊಳಗಿನ ಸ್ವಪ್ರತಿಕಾಯಗಳ ಪಾತ್ರ

ಮೈಮೇಲೆ ಇದ್ದಕ್ಕಿದ್ದಂತೆ ಕೆಂಪು ಗಂಧೆ ಎದ್ದು, ವಿಪರೀತ ತುರಿಸಿ, ಕೆಲವು ಗಂಟೆಗಳಲ್ಲಿ ಗುರುತೂ ಉಳಿಯದಂತೆ ಮಾಯವಾಗುವ ತೊಂದರೆಗೆ ಜತ್ತ ತಾಲೂಕಿನ ಕನ್ನಡ ಮನೆಗಳಲ್ಲಿ 'ಪಿತ್ತ ಎದ್ದಿದೆ' ಎನ್ನುವುದು ವಾಡಿಕೆ. ಮರಾಠಿಯಲ್ಲೂ ಮಾತು ಅದೇ, 'ಅಂಗಾವರ್ ಪಿತ್ತ ಉಠಲಂ'. ಮನೆಮದ್ದೂ ಎರಡೂ ಕಡೆ ಒಂದೇ, ಆಮಸೂಲ ನೆನೆಸಿದ ನೀರನ್ನು ಮೈಗೆ ಸವರುವುದು. ವೈದ್ಯರು ಈ ರೋಗವನ್ನು ಅರ್ಟಿಕೇರಿಯಾ ಎಂದು ಕರೆಯುತ್ತಾರೆ. ಹೆಸರಿನಲ್ಲಿ ಪಿತ್ತವಿದ್ದರೂ ಹೊಟ್ಟೆಯೊಳಗಿನ ಪಿತ್ತಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ.

ಜ್ವರ, ಸೋಂಕು, ಯಾವುದೋ ಮಾತ್ರೆ ಅಥವಾ ಆಹಾರದಿಂದ ಏಳುವ ಗಂಧೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಣ್ಣಗಾಗುತ್ತದೆ. ಆರು ವಾರ ಕಳೆದರೂ ಹೆಚ್ಚುಕಡಿಮೆ ದಿನಾಲೂ ಏಳುತ್ತಿದ್ದರೆ ಅದು ದೀರ್ಘಕಾಲದ ಅರ್ಟಿಕೇರಿಯಾ. ಸುಮಾರು ನೂರಕ್ಕೆ ಒಬ್ಬರನ್ನು ಇದು ಕಾಡುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಕೆಲವರಿಗೆ ತಂಪುಗಾಳಿ, ಬೆವರು, ಉಡಿದಾರ ಅಥವಾ ಲಂಗದ ಲಾಡಿಯ ಬಿಗಿತದಿಂದಲೇ ಗಂಧೆ ಏಳುವುದುಂಟು. ಆದರೆ ಬಹುಪಾಲು ರೋಗಿಗಳಲ್ಲಿ ಹೊರಗಿನ ಯಾವ ಕಾರಣವೂ ಸಿಗುವುದಿಲ್ಲ.

ಕಾರಣ ಸಿಗದಾಗ ಮೊದಲು ಆರೋಪ ಬರುವುದು ತಟ್ಟೆಯ ಮೇಲೆ. ಶೇಂಗಾ ಬಿಡು, ಬದನೆಕಾಯಿ ಬಿಡು, ತತ್ತಿ ಬಿಡು, ತೊಗರಿಬೇಳೆ ನಂಜು ಎಂದು ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಮೊದಲೇ ರಕ್ತ ಕಡಿಮೆಯಿರುವ ಬಾಣಂತಿ ತಿಂಗಳುಗಟ್ಟಲೆ ಬೇಳೆ, ಶೇಂಗಾ ಬಿಟ್ಟು ಬರೀ ರೊಟ್ಟಿ, ಮಜ್ಜಿಗೆಯ ಮೇಲೆ ದಿನ ದೂಡಿದರೆ ಸೊರಗುತ್ತಾಳೆಯೇ ಹೊರತು ಗಂಧೆ ನಿಲ್ಲುವುದಿಲ್ಲ. ದೊಡ್ಡವರಲ್ಲಿ ದಿನನಿತ್ಯ ಏಳುವ ಗಂಧೆಗೆ ಆಹಾರದ ಅಲರ್ಜಿ ಕಾರಣವಾಗಿರುವುದು ಅಪರೂಪ. ಹಾಗೆಂದೇ ನೂರಾರು ಪದಾರ್ಥಗಳ ದುಬಾರಿ 'ಅಲರ್ಜಿ ಟೆಸ್ಟ್' ಈ ರೋಗಕ್ಕೆ ಬೇಕಿಲ್ಲ ಎಂಬುದು ಚರ್ಮರೋಗ ತಜ್ಞರ ಅಂತಾರಾಷ್ಟ್ರೀಯ ಮಾರ್ಗಸೂಚಿಗಳ ನಿಲುವು.

ಹಾಗಾದರೆ ಗಂಧೆ ಏಳುವುದೇಕೆ?: ಚರ್ಮದ ಅಡಿಯಲ್ಲಿ ಮಾಸ್ಟ್ ಕೋಶಗಳೆಂಬ ಸಣ್ಣ ಕಾವಲುಗಾರರಿದ್ದಾರೆ. ಅವುಗಳ ಒಳಗೆ ಹಿಸ್ಟಮೈನ್ ಎಂಬ ರಾಸಾಯನಿಕ ತುಂಬಿರುತ್ತದೆ. ಅದು ಹೊರಬಿದ್ದರೆ ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಜಿನುಗುತ್ತದೆ, ಚರ್ಮ ಉಬ್ಬುತ್ತದೆ, ತುರಿಸುತ್ತದೆ. ಪ್ರತಿ ಮಾಸ್ಟ್ ಕೋಶದ ಮೈಮೇಲೆ ಬೀಗದಂತಹ ಗ್ರಾಹಕಗಳಿದ್ದು, ಅವುಗಳಲ್ಲಿ ಐಜಿಇ ಎಂಬ ಪ್ರತಿಕಾಯ ಕುಳಿತಿರುತ್ತದೆ. ಮಾಮೂಲಿ ಅಲರ್ಜಿಯಲ್ಲಿ ಹೊರಗಿನಿಂದ ಬಂದ ವಸ್ತು, ಉದಾಹರಣೆಗೆ ಮೀನಿನ ಅಂಶ, ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದಾಗ ಬೀಗ ತೆರೆದು ಹಿಸ್ಟಮೈನ್ ಚೆಲ್ಲುತ್ತದೆ.

ದೀರ್ಘಕಾಲದ ಗಂಧೆಯ ಅನೇಕ ರೋಗಿಗಳಲ್ಲಿ ಹೊರಗಿನವರು ಬರಲೇಬೇಕಿಲ್ಲ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ತನ್ನದೇ ದೇಹದ ಅಂಶದ ವಿರುದ್ಧ ತಯಾರಾಗಿರುತ್ತವೆ. ಇವೇ ಸ್ವಪ್ರತಿಕಾಯಗಳು. ಇವುಗಳಲ್ಲಿ ಎರಡು ಬಗೆ. ಒಂದರಲ್ಲಿ ಐಜಿಇ ಪ್ರತಿಕಾಯವೇ ಥೈರಾಯ್ಡ್ ಗ್ರಂಥಿಯ ಪೆರಾಕ್ಸಿಡೇಸ್‌ನಂತಹ ಸ್ವಂತ ಪ್ರೋಟೀನನ್ನು ಶತ್ರುವೆಂದು ಗುರುತಿಸುತ್ತದೆ. ಇನ್ನೊಂದರಲ್ಲಿ ಐಜಿಜಿ ಎಂಬ ಪ್ರತಿಕಾಯ ಮಾಸ್ಟ್ ಕೋಶದ ಗ್ರಾಹಕವನ್ನೋ ಅದರಲ್ಲಿ ಕುಳಿತ ಐಜಿಇಯನ್ನೋ ನೇರವಾಗಿ ಹಿಡಿದು ಬೀಗ ತೆರೆಯುತ್ತದೆ. ಮನೆಯವನೇ ಕಳ್ಳಕೀಲಿ ಮಾಡಿಸಿಕೊಂಡಂತೆ!

ಇದು ತಿಳಿದದ್ದು ಹೀಗೆ. 1986ರಲ್ಲಿ ಇಂಗ್ಲೆಂಡಿನ ಚರ್ಮತಜ್ಞ ಕ್ಲೈವ್ ಗ್ರಾಟನ್ ಮತ್ತು ಸಂಗಡಿಗರು ರೋಗಿಯ ರಕ್ತದಿಂದ ಬೇರ್ಪಡಿಸಿದ ಸೀರಂ ಅನ್ನು ಅದೇ ರೋಗಿಯ ಚರ್ಮಕ್ಕೆ ಚುಚ್ಚಿದಾಗ ಕೆಲವರಲ್ಲಿ ಅಲ್ಲೇ ಗಂಧೆ ಎದ್ದಿತು. ರಕ್ತದಲ್ಲೇ ಏನೋ ಇದೆ ಎಂಬುದು ಖಚಿತವಾಯಿತು. 1993ರಲ್ಲಿ ಜಪಾನಿನ ಮಿಚಿಹಿರೊ ಹಿಡೆ, ಲಂಡನ್ನಿನ ಮಾಲ್ಕಮ್ ಗ್ರೀವ್ಸ್ ಮತ್ತಿತರರು ಆ 'ಏನೋ' ಗ್ರಾಹಕದ ವಿರುದ್ಧದ ಐಜಿಜಿ ಸ್ವಪ್ರತಿಕಾಯ ಎಂದು ತೋರಿಸಿದರು. ಮಹಾರಾಷ್ಟ್ರದಲ್ಲೂ ಈ ಪರೀಕ್ಷೆ ಹೊಸದಲ್ಲ. ನವಿ ಮುಂಬಯಿಯ ಚರ್ಮತಜ್ಞ ಕಿರಣ್ ಗೋಡ್ಸೆ 2004ರಲ್ಲೇ ತಮ್ಮ ರೋಗಿಗಳ ಮೇಲೆ ನಡೆಸಿದ ಸೀರಂ ಪರೀಕ್ಷೆಯ ವರದಿ ಪ್ರಕಟಿಸಿದ್ದರು.

ಪರೀಕ್ಷೆ ಸರಳ. ಮುಂಗೈ ಮೇಲೆ ಒಂದು ಕಡೆ ಸ್ವಂತ ಸೀರಂ, ಇನ್ನೊಂದು ಕಡೆ ಉಪ್ಪುನೀರು ಚುಚ್ಚಿ ಅರ್ಧ ಗಂಟೆಯ ನಂತರ ನೋಡುತ್ತಾರೆ. ಸೀರಂ ಚುಚ್ಚಿದ ಗಂಧೆ ಕನಿಷ್ಠ 1.5 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್. ಆದರೆ ಆರೋಗ್ಯವಂತರಲ್ಲೂ ಒಮ್ಮೊಮ್ಮೆ ಪಾಸಿಟಿವ್ ಬರುವುದರಿಂದ ಇದೊಂದೇ ಸಾಕ್ಷಿ ಸಾಲದು. ಹಿಂದೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಸ್ವಪ್ರತಿಕಾಯ ಇದೆ ಎನ್ನಲಾಗುತ್ತಿತ್ತು. ಚರ್ಮದ ಪರೀಕ್ಷೆ, ರಕ್ತದಲ್ಲಿ ಐಜಿಜಿ ಪತ್ತೆ, ಕೋಶಗಳ ಪರೀಕ್ಷೆ ಮೂರೂ ಪಾಸಿಟಿವ್ ಬರಬೇಕೆಂದು ಕಟ್ಟುನಿಟ್ಟು ಮಾಡಿದಾಗ ಐಜಿಜಿ ಬಗೆಯವರು ನೂರಕ್ಕೆ ಹತ್ತಕ್ಕಿಂತ ಕಡಿಮೆ ಕಂಡುಬಂದರು. ಅಂದರೆ ಎಲ್ಲರ ಗಂಧೆಗೂ ಇದೇ ಉತ್ತರವಲ್ಲ.

ಹಳ್ಳಿಯವರಿಗೆ ಇದಕ್ಕಿಂತ ಉಪಯುಕ್ತವಾದವು ತಾಲೂಕು ಊರಿನ ಲ್ಯಾಬಿನಿಂದಲೂ ಮಾಡಿಸಬಹುದಾದ ಎರಡು ರಕ್ತಪರೀಕ್ಷೆಗಳು: ಒಟ್ಟು ಐಜಿಇ ಮತ್ತು ಥೈರಾಯ್ಡ್ ಪ್ರತಿಕಾಯ, ಅಂದರೆ ಆ್ಯಂಟಿ ಟಿಪಿಒ. ಐಜಿಇ ತೀರಾ ಕಡಿಮೆ, ಆ್ಯಂಟಿ ಟಿಪಿಒ ಹೆಚ್ಚು ಬಂದರೆ ಐಜಿಜಿ ಬಗೆಯ ಸಂಶಯ ಬಲವಾಗುತ್ತದೆ. ಜೊತೆಗೆ ಥೈರಾಯ್ಡ್ ತೊಂದರೆಯೂ ಬೆಳಕಿಗೆ ಬರುತ್ತದೆ. ಗಂಧೆಯ ಜೊತೆ ಆಯಾಸ, ಮೈಭಾರ, ಮುಟ್ಟಿನ ಏರುಪೇರು ಇರುವ ಹೆಂಗಸರು ಇದನ್ನು ವೈದ್ಯರ ಗಮನಕ್ಕೆ ತರುವುದು ಒಳ್ಳೆಯದು.

ಚಿಕಿತ್ಸೆ: ಸೆಟ್ರಿಜಿನ್, ಲೆವೊಸೆಟ್ರಿಜಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್‌ನಂತಹ ಹಿಸ್ಟಮೈನ್ ವಿರೋಧಿ ಮಾತ್ರೆಗಳೇ ಮೊದಲ ಮೆಟ್ಟಿಲು. ಗಂಧೆ ಎದ್ದಾಗ ಮಾತ್ರ ನುಂಗದೆ ದಿನಾ ತೆಗೆದುಕೊಂಡರೆ ಫಲ ಹೆಚ್ಚು. ಸಾಲದಿದ್ದರೆ ವೈದ್ಯರು ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೆ ಏರಿಸಬಹುದು. ಆ ನಿರ್ಧಾರ ರೋಗಿಯದಲ್ಲ. ಅವಿಲ್‌ನಂತಹ ಹಳೆಯ ಮಾತ್ರೆಗಳು ನಿದ್ದೆ ತರಿಸುವುದರಿಂದ ಬೈಕ್, ಟ್ರ್ಯಾಕ್ಟರ್ ಓಡಿಸುವವರು ಎಚ್ಚರದಿಂದಿರಬೇಕು.

ಗಂಧೆ ಎದ್ದಾಗಲೆಲ್ಲ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವ ರೂಢಿ ಮಾತ್ರ ನಿಲ್ಲಬೇಕು. ಮರುದಿನವೇ ಮೈ ಹಗುರಾಗುತ್ತದೆ, ನಿಜ. ಆದರೆ ಪದೇ ಪದೇ ಹಾಕಿಸಿಕೊಂಡರೆ ಸಕ್ಕರೆ, ರಕ್ತದೊತ್ತಡ ಏರುತ್ತವೆ, ಎಲುಬು ಸವೆಯುತ್ತದೆ, ಇಂಜೆಕ್ಷನ್ ನಿಂತೊಡನೆ ಗಂಧೆ ಮತ್ತೆ ಏಳುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳೂ ಕೆಲವರಲ್ಲಿ ಗಂಧೆಯನ್ನು ಕೆರಳಿಸುತ್ತವೆ. ಕಬ್ಬು ಕಡಿಯಲು ಹೋಗಿ ಸೊಂಟನೋವಿಗೆ ದಿನಾ ಇವನ್ನು ನುಂಗುವವರು ಇದನ್ನು ನೆನಪಿಡಬೇಕು.

ರೋಗಿಯದೇ ಸೀರಂ ಅನ್ನು ವಾರಕ್ಕೊಮ್ಮೆ ಚುಚ್ಚುವ ಚಿಕಿತ್ಸೆಯೊಂದು ನಮ್ಮ ದೇಶದಲ್ಲಿ ಜನಪ್ರಿಯವಾಗಿದೆ. ಅಲಹಾಬಾದಿನ ಎ.ಕೆ. ಬಜಾಜ್ ಮತ್ತು ಸಂಗಡಿಗರು 2008ರಲ್ಲಿ ಇದರಿಂದ ಅನುಕೂಲವಾಯಿತೆಂದು ವರದಿ ಮಾಡಿದ್ದರು. ನಂತರದ ಹೋಲಿಕೆಯ ಅಧ್ಯಯನಗಳಲ್ಲಿ ಬರೀ ಉಪ್ಪುನೀರು ಚುಚ್ಚಿಸಿಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ದು ಕಂಡಿದೆ. ಖರ್ಚು ಕಡಿಮೆ ಎಂಬುದು ಬಿಟ್ಟರೆ ಇದರ ಮೇಲೆ ಭಾರಿ ಭರವಸೆ ಇಡುವಂತಿಲ್ಲ.

ಮಾತ್ರೆಗೆ ಬಗ್ಗದ ರೋಗಕ್ಕೆ 2014ರಿಂದ ಓಮಾಲಿಜುಮಾಬ್ ಎಂಬ ಇಂಜೆಕ್ಷನ್ ಬಳಕೆಯಲ್ಲಿದೆ. ನಾಲ್ಕು ವಾರಕ್ಕೊಮ್ಮೆ ಕೊಡುವ ಇದು ರಕ್ತದಲ್ಲಿನ ಐಜಿಇಯನ್ನು ಹಿಡಿದು ಹಾಕುತ್ತದೆ. ಸ್ವಪ್ರತಿಕಾಯದ ಬಗೆ ತಿಳಿದಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಐಜಿಇ ಬಗೆಯವರಿಗೆ ಕೆಲವೇ ವಾರಗಳಲ್ಲಿ ಗುಣ ಕಂಡರೆ, ಐಜಿಜಿ ಬಗೆಯವರಿಗೆ ತಿಂಗಳುಗಳೇ ಬೇಕಾಗಬಹುದು, ಕೆಲವರಿಗೆ ಗುಣವೇ ಕಾಣದು. ಬೆಲೆ ದುಬಾರಿಯಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಅಂಥವರಿಗೆ ಸೈಕ್ಲೊಸ್ಪೊರಿನ್ ಇದೆ, ಆದರೆ ಮೂತ್ರಪಿಂಡ ಮತ್ತು ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಮಾಸ್ಟ್ ಕೋಶದ ಒಳಗಿನ ಸಂಕೇತವನ್ನೇ ತಡೆಯುವ ರೆಮಿಬ್ರುಟಿನಿಬ್ ಮಾತ್ರೆಗೆ ಅಮೆರಿಕ 2025ರಲ್ಲಿ ಒಪ್ಪಿಗೆ ನೀಡಿತು.

ಹೆಚ್ಚಿನವರಲ್ಲಿ ರೋಗ ಕೆಲವು ವರ್ಷಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಸ್ವಪ್ರತಿಕಾಯ ಇರುವವರಲ್ಲಿ ತುಸು ಹೆಚ್ಚು ಕಾಲ ಹಿಡಿಯಬಹುದು. ಇದು ಅಂಟುರೋಗವಲ್ಲ, ಮಗುವನ್ನು ಎತ್ತಿಕೊಳ್ಳಲು, ಒಂದೇ ಹಾಸಿಗೆಯಲ್ಲಿ ಮಲಗಲು ಭಯ ಬೇಡ.

ನಾಲಿಗೆ, ಗಂಟಲು ಬಾತು ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಈ ಸಂಖ್ಯೆ ಗಡಿಯ ಎರಡೂ ಕಡೆ ನಡೆಯುತ್ತದೆ. ಒಂದೇ ಗಂಧೆ 24 ಗಂಟೆಗೂ ಹೆಚ್ಚು ಉಳಿದು, ನೋವಾಗಿ, ಕಪ್ಪು ಕಲೆ ಬಿಟ್ಟರೆ ಅದು ರಕ್ತನಾಳದ ಬೇರೆ ರೋಗವಿರಬಹುದು. ಆಗ ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಉಮದಿ, ಸಂಖ ಕಡೆಯವರಾದರೆ ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆಗೋ ಹೋಗಿ ಚರ್ಮ ವಿಭಾಗದಲ್ಲಿ ತೋರಿಸಬೇಕು. ಬಸ್ಸಿಳಿದು ಚೀಟಿ ಮಾಡಿಸುವಷ್ಟರಲ್ಲಿ ಗಂಧೆ ಮಾಯವಾಗಿರುತ್ತದೆ. ಆದ್ದರಿಂದ ಎದ್ದಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು, ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಜೊತೆಗೆ ಒಯ್ಯಬೇಕು.