ಪವನ್ ಹೋದ ಮೇಲೆ ರೈಡ್ ಯಾರದ್ದು?

2019ರ ಜನವರಿ 5ರಂದು ಬೆಂಗಳೂರು ಬುಲ್ಸ್ 38–33ರಿಂದ ಗುಜರಾತನ್ನು ಸೋಲಿಸಿ ಪ್ರೊ ಕಬಡ್ಡಿ ಕಪ್ ಗೆದ್ದಿತು. ಅದರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರದ್ದೇ. ಆದರೆ ರೈಡರ್ ಔಟಾದರೆ, ತಂಡ ಎದುರಾಳಿಯನ್ನು ಔಟ್ ಮಾಡುವವರೆಗೂ ಹೊರಗೇ ಕೂರಬೇಕು. ಒಬ್ಬರನ್ನೇ ನಂಬಿದರೆ ಕಷ್ಟ.

2022ರ ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಪವನ್‌ರನ್ನು ಕೊಂಡಿತು. ಬುಲ್ಸ್ 1.70 ಕೋಟಿಗೆ ವಿಕಾಶ್ ಕಂಡೋಲಾರನ್ನು ತಂದಿತು. ಆದರೂ ಹೆಚ್ಚು ಅಂಕ ತಂದವರು ಹಿಂದಿನ ಸೀಸನ್ನಿನಲ್ಲಷ್ಟೇ ಲೀಗಿಗೆ ಬಂದಿದ್ದ ಭರತ್. ಅತ್ತ ಪವನ್ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಹೊರಬಿದ್ದರು. ತಲೈವಾಸ್ ಕೈ ಹಿಡಿದವರು ಹೊಸಬ ನರೇಂದರ್. ಎರಡೂ ತಂಡ ಸೆಮಿಫೈನಲ್ ಮುಟ್ಟಿದವು.

ಕಾರ್ಗಲ್ ಸುತ್ತಿನ ನಮ್ಮ ತಂಡಗಳಿಗೂ ಇದೇ ಲೆಕ್ಕ. ಹೊರಗೆ ಕೂತ ಹುಡುಗನಿಗೂ ನಾಲ್ಕು ರೈಡ್ ಕೊಡೋಣ.