ಶಸ್ತ್ರವೈದ್ಯವೂ ಘನಛಾಯಾಚಿತ್ರವೂ

ಮುಖದ ಅವಯವವೊಂದನ್ನು ಕಳೆದುಕೊಂಡವನಿಗೆ ಅದನ್ನು ಮರಳಿ ನಿರ್ಮಿಸಿಕೊಡಬೇಕಾದ ವೈದ್ಯನು ಶಸ್ತ್ರವನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಬಿಡಿಸಿ ತೆಗೆದ ಚರ್ಮವು ಹಾಳೆಯಂತೆ ಸಮತಲವಾದುದು. ಮೂಗಾದರೋ ಉಬ್ಬುತಗ್ಗುಗಳುಳ್ಳ ಘನವಸ್ತು. ಎಷ್ಟು ಚರ್ಮವನ್ನು ಯಾವ ಆಕಾರದಲ್ಲಿ ತೆಗೆದರೆ ಉದ್ದ, ಅಗಲ, ಎತ್ತರಗಳು ಮೂರೂ ಸರಿಹೊಂದುವುವು? ಈ ಪ್ರಶ್ನೆಗೆ ಬೇರೆ ಬೇರೆ ಕಾಲಗಳಲ್ಲಿ ದೊರೆತ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶವು.

ಮೊದಲನೆಯ ಉತ್ತರವು ಸುಶ್ರುತಸಂಹಿತೆಯಲ್ಲಿದೆ. ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ, ಮೂಗಿನ ಪ್ರಮಾಣಕ್ಕೆ ಸರಿಯಾದ ಒಂದು ಮರದ ಎಲೆಯನ್ನು ತೆಗೆದುಕೊಂಡು, ಅದರ ಅಳತೆಗೆ ಕೆನ್ನೆಯ ಪಾರ್ಶ್ವದಿಂದ ಚರ್ಮವನ್ನು ಬಿಡಿಸಿ ಮೂಗಿಗೆ ಸಂಧಾನಮಾಡಬೇಕೆಂದು ವಿಧಿಸಲಾಗಿದೆ. ಬಳಿಕ ಎರಡು ನಾಳಗಳನ್ನಿಟ್ಟು ಮೂಗನ್ನು ಎತ್ತಿ ನಿಲ್ಲಿಸಬೇಕು. ಇಲ್ಲಿ ಗಮನಿಸತಕ್ಕುದು ‘ನಾಸಾಪ್ರಮಾಣ’ವೆಂಬ ಶಬ್ದವನ್ನು. ಕಣ್ಣಂದಾಜನ್ನು ನೆಚ್ಚದೆ ಅಳತೆಯನ್ನು ಮುಂದಿಟ್ಟುಕೊಂಡು ಕರ್ಮಕ್ಕೆ ತೊಡಗಬೇಕೆಂಬುದೇ ಅದರ ತಾತ್ಪರ್ಯವು. ಆದರೆ ಎಲೆಯು ಉದ್ದಗಲಗಳನ್ನು ಮಾತ್ರ ಹೇಳಬಲ್ಲುದು. ಎತ್ತರವು ನಾಳಗಳಿಗೂ ವೈದ್ಯನ ಕೈಚಳಕಕ್ಕೂ ಬಿಟ್ಟುದಾಗಿತ್ತು.

ಎರಡನೆಯ ಉತ್ತರಕ್ಕೆ ನಮ್ಮ ಶ್ರೀರಂಗಪಟ್ಟಣದ ಯುದ್ಧದೊಡನೆ ಸಂಬಂಧವುಂಟು. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯು 1794ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಒಂದು ಪತ್ರವನ್ನು ಚಿತ್ರಸಮೇತವಾಗಿ ಪ್ರಕಟಿಸಿತು. ಕಾವಸ್‌ಜಿ ಎಂಬವನು ಆಂಗ್ಲೇಯರ ಸೈನ್ಯದಲ್ಲಿ ಎತ್ತು ಹೊಡೆಯುವವನಾಗಿದ್ದನೆಂದೂ, 1792ರ ಯುದ್ಧದಲ್ಲಿ ಟಿಪ್ಪುಸುಲ್ತಾನನಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದೂ ಆ ಪತ್ರವು ತಿಳಿಸುತ್ತದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ ಆತನಿಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹೊಸ ಮೂಗನ್ನು ನಿರ್ಮಿಸಿದನು. ಆತನು ಎಲೆಗೆ ಬದಲಾಗಿ ಮೇಣದ ತೆಳ್ಳನೆಯ ತಗಡನ್ನು ಉಪಯೋಗಿಸುತ್ತಿದ್ದನು. ಅದನ್ನು ಮೊದಲು ಮುಖದ ಮೇಲೆಯೇ ಒಳ್ಳೆಯ ಮೂಗಿನ ಆಕಾರಕ್ಕೆ ತಿದ್ದಿ, ಆಮೇಲೆ ಚಪ್ಪಟೆಮಾಡಿ ಹಣೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸುತ್ತಿದ್ದನು. ರಕ್ತಸಂಚಾರವು ನಿಲ್ಲದಂತೆ ಹುಬ್ಬುಗಳ ನಡುವೆ ಉಳಿಸಿದ ಚರ್ಮದ ಪಟ್ಟಿಯನ್ನು ಸುಮಾರು 25ನೆಯ ದಿನ ಕತ್ತರಿಸುತ್ತಿದ್ದನು.

ಸುಶ್ರುತನಲ್ಲಿ ಕೆನ್ನೆ, ಪುಣೆಯಲ್ಲಿ ಹಣೆ. ಅಲ್ಲಿ ಎಲೆ, ಇಲ್ಲಿ ಮೇಣ. ಈ ಭೇದವು ಅಲ್ಪವಲ್ಲ. ಘನರೂಪವನ್ನು ಮೊದಲು ಮಾಡಿ ಅದನ್ನೇ ಸಮತಲಕ್ಕೆ ಇಳಿಸುವ ಯುಕ್ತಿಯಿಂದ ಮೂರನೆಯ ಪರಿಮಾಣವಾದ ಎತ್ತರವೂ ಅಳತೆಯೊಳಗೆ ಸೇರಿತು. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಈ ಭಾರತೀಯ ಕ್ರಮವನ್ನನುಸರಿಸಿ 1814ರಲ್ಲಿ ತನ್ನ ಮೊದಲನೆಯ ಚಿಕಿತ್ಸೆಯನ್ನು ಮಾಡಿ, 1816ರಲ್ಲಿ ಅಂತಹ ಎರಡು ಚಿಕಿತ್ಸೆಗಳ ವೃತ್ತಾಂತವನ್ನು ಪ್ರಕಟಿಸಿದನು. ಆದರೆ ಗೆರೆ ಎಳೆದೊಡನೆ ಮೇಣದ ಕೆಲಸವು ಮುಗಿಯಿತು. ಅದನ್ನು ಯಾರೂ ಕಾಪಾಡಲಿಲ್ಲ. ಅದನ್ನು ತಿದ್ದಿದವನ ಹೆಸರನ್ನೂ ಆ ಪತ್ರವು ಹೇಳುವುದಿಲ್ಲ.

ಮೂರನೆಯ ಉತ್ತರವು ನೇತ್ರವ್ಯಾಪಾರದ ವಿಚಾರದಿಂದ ಹುಟ್ಟಿತು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಭಿನ್ನವಾದ ಎರಡು ಸ್ಥಾನಗಳಿಂದ ನೋಡುವುದರಿಂದಲೇ ಅದರ ಘನತೆಯು ಸ್ಪಷ್ಟವಾಗಿ ತೋರುವುದೆಂದು ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿದ್ವಾಂಸನು 1838ರಲ್ಲಿ ತೋರಿಸಿಕೊಟ್ಟನು. ಮರುವರ್ಷವೇ ಡಾಗೇರನ ಛಾಯಾಚಿತ್ರವಿಧಾನವು ಲೋಕಕ್ಕೆ ತಿಳಿಯಿತು. ಎರಡು ಕಣ್ಣುಗಳ ಸ್ಥಾನದಲ್ಲಿ ಎರಡು ಕ್ಯಾಮರಾಗಳನ್ನಿಟ್ಟರೆ ಘನಛಾಯಾಚಿತ್ರವು ಸಿದ್ಧಿಸುತ್ತದೆ. ಕ್ಯಾಮರಾಗಳ ನಡುವಣ ಅಂತರವು ತಿಳಿದಿದ್ದು, ಒಂದೇ ಬಿಂದುವು ಎರಡು ಚಿತ್ರಗಳಲ್ಲಿ ಎಷ್ಟು ಸರಿದಿದೆಯೆಂಬುದನ್ನು ಅಳೆದರೆ, ತ್ರಿಭುಜದ ನ್ಯಾಯದಿಂದ ಆ ಬಿಂದುವಿನ ದೂರವು ಗಣಿತಕ್ಕೆ ಸಿಕ್ಕುತ್ತದೆ.

ಈ ನ್ಯಾಯವು ವೈದ್ಯಕ್ಕೆ ಮೊದಲು ಉಪಕರಿಸಿದುದು ಶರೀರದ ಒಳಗನ್ನು ಅಳೆಯುವುದರಲ್ಲಿ. ರೋಂಟ್‌ಗನ್ನನು 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದನು. ಹಿಂದೆ ಅಬರ್ಡೀನಿನಲ್ಲಿ ನೇತ್ರವೈದ್ಯನಾಗಿದ್ದ ಮೆಕೆಂಜಿ ಡೇವಿಡ್‌ಸನ್ ಎಂಬವನು 1898ರಲ್ಲಿ, ಕಿರಣನಾಳವನ್ನು ಎರಡು ಸ್ಥಾನಗಳಲ್ಲಿಟ್ಟು ಎರಡು ಛಾಯೆಗಳನ್ನು ಹಿಡಿದು, ಆಯಾ ಸ್ಥಾನದಿಂದ ಆಯಾ ಛಾಯೆಗೆ ದಾರವನ್ನೆಳೆದು, ದಾರಗಳು ಕೂಡುವ ಎಡೆಯೇ ಒಳಹೊಕ್ಕ ಲೋಹದ ಚೂರಿನ ಸ್ಥಾನವೆಂದು ನಿರ್ಣಯಿಸುವ ಕ್ರಮವನ್ನು ಪ್ರಕಟಿಸಿದನು. ಗಾಯವನ್ನು ಕೆದಕಿ ಹುಡುಕುವುದಕ್ಕೆ ಬದಲಾಗಿ ದಾರಿಯನ್ನು ಮೊದಲೇ ನಿಶ್ಚಯಿಸುವುದು ಇದರಿಂದ ಸಾಧ್ಯವಾಯಿತು.

ಮುಖದ ವಿಷಯದಲ್ಲಿ, ಜ್ಯೂರಿಚ್ ನಗರದಲ್ಲಿ ಥಾಲ್ಮನ್-ಡೇಗನ್ ಎಂಬವರು ಹಲ್ಲುದವಡೆಗಳ ಚಿಕಿತ್ಸೆಯಲ್ಲಿ ಘನಛಾಯಾಚಿತ್ರದ ಅಳತೆಯನ್ನು ಕುರಿತು 1944ರಲ್ಲಿ ಬರೆದರು. 1967ರಲ್ಲಿ ಬರ್ಕ್ ಮತ್ತು ಬಿಯರ್ಡ್ ಎಂಬವರು ಬೆಟ್ಟಗುಡ್ಡಗಳ ನಕ್ಷೆಯಲ್ಲಿರುವಂತೆ ಸಮೋನ್ನತರೇಖೆಗಳಿಂದ ಮುಖವನ್ನು ಅಳೆಯುವ ಬಗೆಯನ್ನು ವಿವರಿಸಿದರು. ಈಗ ಹಲವು ಕ್ಯಾಮರಾಗಳು ಕ್ಷಣಮಾತ್ರದಲ್ಲಿ ಚಿತ್ರಗಳನ್ನು ಹಿಡಿಯುತ್ತವೆ. ಗಣಕಯಂತ್ರವು ಅವುಗಳನ್ನು ಕೂಡಿಸಿ ಮುಖದ ಘನರೂಪವನ್ನು ಕಟ್ಟುತ್ತದೆ. ಸೀಳುತುಟಿಯ ಶಿಶುವು ಅಲುಗಾಡದೆ ಇರಲಾರದು. ಕ್ಷ-ಕಿರಣಗಳಿಗೆ ಅದನ್ನು ಪದೇ ಪದೇ ಒಡ್ಡುವುದೂ ಯುಕ್ತವಲ್ಲ. ಅಂತಹ ಶಿಶುವಿನ ಮುಖವನ್ನು ಮುಟ್ಟದೆಯೇ ಅಳೆದು, ಚಿಕಿತ್ಸೆಗೆ ಮುಂಚಿನ ರೂಪವನ್ನೂ ಅನಂತರದ ರೂಪವನ್ನೂ ಒಂದರ ಮೇಲೊಂದಿಟ್ಟು ಹೋಲಿಸಬಹುದು. ಆದರೆ ಇದಕ್ಕೂ ಮಿತಿಯುಂಟು. ಕೂದಲು ಮುಚ್ಚಿದ ಭಾಗವೂ ಮೂಗಿನ ಹೊಳ್ಳೆಗಳ ಒಳಗೂ ಸರಿಯಾಗಿ ಸಿಕ್ಕುವುದಿಲ್ಲ. ಒಳಗಣ ಎಲುಬನ್ನು ಅರಿಯಬೇಕಾದರೆ, 1971ರಲ್ಲಿ ಹೌನ್ಸ್‌ಫೀಲ್ಡನ ಯಂತ್ರದಿಂದ ರೋಗಿಗಳಿಗೆ ಮೊದಲು ದೊರೆತ ಸಿ.ಟಿ. ಪರೀಕ್ಷೆಯು ಬೇಕಾಗುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ವಿಚಾರಮಾಡಬೇಕು. ಇವೆಲ್ಲವೂ ನಮ್ಮ ಶಾಸ್ತ್ರದಲ್ಲಿ ಮೊದಲೇ ಇದ್ದುವೆಂದು ಹೇಳಿ ತೃಪ್ತಿಪಡುವವರಿದ್ದಾರೆ. ಬಾಲ್ಯದಿಂದ ಆ ಗ್ರಂಥಗಳನ್ನೇ ಓದಿ ಬೆಳೆದ ನಾವು ಇದನ್ನು ಒಪ್ಪಲಾರೆವು. ಸುಶ್ರುತನು ಎಲೆಯನ್ನು ಹೇಳಿದನು, ಮೇಣವನ್ನು ಹೇಳಲಿಲ್ಲ. ಇಲ್ಲದುದನ್ನು ಗ್ರಂಥಕ್ಕೆ ಆರೋಪಿಸಿದರೆ ಗ್ರಂಥದ ಗೌರವವು ಹೆಚ್ಚುವುದಿಲ್ಲ. ಮೇಲಾಗಿ, ಮೇಣವನ್ನು ತಿದ್ದಿದ ಆ ಅನಾಮಧೇಯನಿಗೆ ಸಲ್ಲಬೇಕಾದ ಕೀರ್ತಿಯು ಎರಡನೆಯ ಬಾರಿ ಅಪಹೃತವಾಗುತ್ತದೆ. ಇವೆಲ್ಲವೂ ಇರಲಿಲ್ಲವೆಂದ ಮಾತ್ರಕ್ಕೆ ಇದ್ದುದನ್ನು ಅಲ್ಲಗಳೆಯುವುದೂ ಅಷ್ಟೇ ಅನ್ಯಾಯವು. ಶಸ್ತ್ರಕ್ಕೆ ಮೊದಲು ಪ್ರಮಾಣವೆಂಬ ನಿಯಮವು ಸುಶ್ರುತನಲ್ಲಿ ನಿಸ್ಸಂದೇಹವಾಗಿ ಇದೆ.

ಎಲೆಯು ಬಾಡಿತು, ಮೇಣವು ಕರಗಿತು. ಛಾಯಾಚಿತ್ರದ ಅಳತೆಯು ಹಾಗಲ್ಲ. ಕೆಲಸವು ಮುಗಿದ ಮೇಲೂ ಅದು ಉಳಿದು, ಮತ್ತೊಬ್ಬ ವೈದ್ಯನು ಮತ್ತೊಂದು ಊರಿನಲ್ಲಿ ಕುಳಿತು ಪರೀಕ್ಷಿಸುವುದಕ್ಕೂ, ತಪ್ಪಿದ್ದರೆ ತಿದ್ದುವುದಕ್ಕೂ ಎಡೆಗೊಡುತ್ತದೆ. ಪುಣೆಯ ಆ ಕುಶಲನಿಗೆ ಇಲ್ಲದೆಹೋದುದು ಕೈಚಳಕವಲ್ಲ, ಯುಕ್ತಿಯೂ ಅಲ್ಲ. ತನ್ನ ಅಳತೆಯನ್ನು ಉಳಿಸುವ ಸಾಧನವು. ವಿದ್ಯೆಯು ಒಬ್ಬನ ಕೈಯಿಂದ ಲೋಕದ ಕೈಗೆ ಬರುವುದು ಅಂತಹ ಸಾಧನದಿಂದಲೇ ಎಂಬುದು ಈ ಇತಿಹಾಸದಿಂದ ಸಿದ್ಧವಾಗುತ್ತದೆ.